ರ‍್ಯಾಕ್‌ನಿಂದ ಪ್ರೊಜೆಕ್ಟರ್‌ಗೆ ಉದ್ದದ ಫೈಬರ್ ಎಚ್‌ಡಿಎಂಐ: ಯಾವುದು ತಗೊಳ್ಳಲಿ, ಯಾವ ಪೈಪ್ ಹಾಕಿಸಲಿ?

ಪಡಸಾಲೆ ಟಾಕೀಸ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದೇವೆ. 22 ಅಡಿಗೆ 14 ಅಡಿಯ ಒಂದು ರೂಮನ್ನು ಹೋಮ್ ಥಿಯೇಟರ್‌ಗೆ ಅಂತಲೇ ಬಿಡಿಸಿಕೊಂಡಿದ್ದೇನೆ. ಮನೆಯವರ ಜೊತೆ ಅದಕ್ಕಾಗಿ ನಡೆದ ಮಾತುಕತೆ ಇಲ್ಲಿ ಬೇಡ ಬಿಡಿ. ಗೋಡೆ ಎದ್ದಿದೆ, ಸ್ಲ್ಯಾಬ್ ಆಗಿದೆ. ಪ್ಲಾಸ್ಟರಿಂಗ್ ಮುಂದಿನ ವಾರ, ಆಮೇಲೆ ಪಿಒಪಿ ಸೀಲಿಂಗ್.

ರಿಸೀವರ್ (ಪ್ಲೇಯರ್‌ಗಳ ಚಿತ್ರ, ಶಬ್ದ ತಗೊಂಡು ಪ್ರೊಜೆಕ್ಟರ್‌ಗೂ ಸ್ಪೀಕರ್‌ಗೂ ಹಂಚುವ ಪೆಟ್ಟಿಗೆ), ಬ್ಲೂರೇ ಪ್ಲೇಯರ್, ಮಗ ಗೇಮ್ ಆಡುವ ಪಿಎಸ್5 ಎಲ್ಲ ಸ್ಕ್ರೀನ್ ಪಕ್ಕದ ಮೂಲೆಯ ರ‍್ಯಾಕ್‌ನಲ್ಲಿ. ಪ್ರೊಜೆಕ್ಟರ್ ಹಿಂಭಾಗದಲ್ಲಿ ಸೀಲಿಂಗ್‌ಗೆ ನೇತು ಹಾಕುವುದು. 4ಕೆ ಪ್ರೊಜೆಕ್ಟರ್, ಚಿತ್ರ ಶಬ್ದ ಎರಡೂ ಹೋಗುವ ಎಚ್‌ಡಿಎಂಐ 2.0 ಪೋರ್ಟ್, ಸೆಕೆಂಡಿಗೆ 18 ಗಿಗಾಬಿಟ್ ಹೊರುವಂಥದ್ದು.

ಅಂಗಡಿಯವರು ಫೈಬರ್ ಕೇಬಲ್ಲೇ (ಗಾಜಿನ ಎಳೆಯಲ್ಲಿ ಬೆಳಕಾಗಿ ಸಿಗ್ನಲ್ ಒಯ್ಯುವುದು) ತಗೊಳ್ಳಿ ಅನ್ನುತ್ತಾರೆ. ಒಬ್ಬರು 18 ಗಿಗಾಬಿಟ್‌ನದು ಸಾಕು ಅಂದರೆ ಇನ್ನೊಬ್ಬರು 48 ಇಲ್ಲದಿದ್ದರೆ ವೇಸ್ಟ್ ಅನ್ನುತ್ತಾರೆ. ನಮ್ಮ ಎಲೆಕ್ಟ್ರಿಷಿಯನ್ ಮಾತ್ರ ತುಂಬಾ ಧೈರ್ಯವಾಗಿದ್ದಾರೆ: "25 ಎಂಎಂ ಪೈಪ್ ಎಳೆದುಬಿಡ್ತೀನಿ ಸಾರ್, ಯಾವ ವೈರ್ ಬೇಕಾದರೂ ಹಾಕ್ಕೊಳ್ಳಿ." ಏನು ಮಾಡಲಿ?

ಟೆಸ್ಟರ್ ಸ್ಕ್ರೂಡ್ರೈವರ್

ಪ್ಲಾಸ್ಟರಿಂಗ್ ಎರಡು ದಿನ ತಡೆಯಿರಿ. ಮೊದಲು ಪೈಪ್, ಕೇಬಲ್ ಆಮೇಲೆ.

25 ಎಂಎಂ ಅನ್ನುವುದು ಪೈಪ್‌ನ ಹೊರ ಅಳತೆ. ಒಳಗೆ ಸಿಗುವುದು 21-22 ಎಂಎಂ ಅಷ್ಟೇ. ಎಚ್‌ಡಿಎಂಐ ಪ್ಲಗ್‌ನ ತಲೆಯ ಅಗಲವೇ ಸುಮಾರು 20 ಎಂಎಂ. ನೇರ ಪೈಪಾದರೆ ಹೇಗೋ ತೂರಿಸಬಹುದು, ಮೊದಲ ಬೆಂಡ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಏನಾಗುತ್ತದೆ ಗೊತ್ತಲ್ವಾ? ಆ ಕಡೆ ನಿಂತವರು ಜೋರಾಗಿ ಜಗ್ಗುತ್ತಾರೆ. ಲೈಟಿನ ವೈರಾದರೆ ತಡೆಯುತ್ತದೆ. ಇಲ್ಲಿ ತಲೆಯೊಳಗೆ ಚಿಪ್ ಇದೆ, ಲೇಸರ್ ಇದೆ. ಅದಕ್ಕೆ ಮಿಲಿಮೀಟರ್‌ನ ಎಂಟನೇ ಒಂದು ಭಾಗದಷ್ಟು ದಪ್ಪದ ಗಾಜಿನ ಎಳೆ ಅಂಟಿಸಿದ್ದಾರೆ. ಒಂದು ಎಳೆ ತುಂಡಾದರೂ ಇಡೀ ಕೇಬಲ್ ಹೋಯಿತು, ಜೋಡಿಸಿಕೊಡುವವರು ಯಾರೂ ಇಲ್ಲ.

40 ಎಂಎಂ ಪೈಪ್ ಹಾಕಿಸಿ. ಜಾಗ ಇದ್ದರೆ 50. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗದಿದ್ದರೆ ಪ್ಲಂಬಿಂಗ್‌ನವರ ಪಿವಿಸಿ ಪೈಪೇ ಆಗುತ್ತದೆ. ಎಲ್ಬೋ ಮಾತ್ರ ಬೇಡ. ತಿರುಗಬೇಕಾದ ಕಡೆ ಎರಡು 45 ಡಿಗ್ರಿ ಬೆಂಡ್ ಹಾಕಿ ನಡುವೆ ಅರ್ಧ ಅಡಿ ನೇರ ಪೈಪ್ ಬಿಡಿ. ಒಳಗೆ ನೈಲಾನ್ ಹಗ್ಗ ಹಾಕಿ ಎರಡೂ ತುದಿ ಕಟ್ಟಿಡಿ. ಕೇಬಲ್ ಎಳೆಯುವಾಗ ಅದರ ಜೊತೆ ಇನ್ನೊಂದು ಹಗ್ಗವನ್ನೂ ಎಳೆದರೆ ಮುಂದಿನ ಸಲಕ್ಕೆ ಹಗ್ಗ ರೆಡಿ ಇರುತ್ತದೆ. ಕರೆಂಟ್ ಲೈನ್‌ಗೆ ಬೇರೆ ಪೈಪ್.

ಗೋಡೆ ನಾಲ್ಕೂವರೆ ಇಂಚಿನದಾದರೆ 40 ಎಂಎಂಗೆ ಗ್ರೂವ್ ಹೊಡೆಸಬೇಡಿ, ಗೋಡೆ ಬಲ ಕಳೆದುಕೊಳ್ಳುತ್ತದೆ. ಮೂಲೆಯಲ್ಲಿ ಪೈಪನ್ನು ಹೊರಗೇ ನಿಲ್ಲಿಸಿ ಪ್ಲೈವುಡ್‌ನಿಂದ ಮುಚ್ಚಿಸಿ. ಸೀಲಿಂಗ್‌ನಲ್ಲಿ ಹೇಗೂ ಪಿಒಪಿ ಬರುತ್ತದಲ್ಲ, ಅದರ ಮೇಲೆ ಪೈಪ್ ಓಡಿಸಿ. ಪೈಪ್ ಇಲ್ಲದೆ ಕೇಬಲ್ಲನ್ನು ಬರಿದೇ ಹಾಸಿ ಪಿಒಪಿ ಮುಚ್ಚಿಬಿಟ್ಟರೆ ಇಲಿ ಕಡಿದ ದಿನ ಸೀಲಿಂಗ್ ಒಡೆಯಬೇಕು.

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಎಚ್‌ಡಿಎಂಐ 1.4 ಬಂದದ್ದು 2009ರಲ್ಲಿ, 2.0 ಬಂದದ್ದು 2013ರಲ್ಲಿ, 2.1 ಬಂದದ್ದು 2017ರಲ್ಲಿ, 2025ರಲ್ಲಿ 2.2. ಗೋಡೆ ಅಷ್ಟು ಬೇಗ ಬದಲಾಗುವುದಿಲ್ಲ.

ಬಾಸ್ ಜಾಸ್ತಿ

ಇಷ್ಟು ದೂರಕ್ಕೆ ಫೈಬರ್ ಯಾಕ್ರೀ? ನಮ್ಮ ಚಿಕ್ಕಪ್ಪನ ಮನೆಯಲ್ಲಿ ತಾಮ್ರದ ಕೇಬಲ್ 2014ರಿಂದ ಓಡುತ್ತಿದೆ. ಒಂದು ದಿನ ತೊಂದರೆ ಕೊಟ್ಟಿಲ್ಲ. ಸುಮ್ನೆ ದುಡ್ಡು ದಂಡ.

ಕತ್ತಲೆ ಕೋಣೆ

2014 ಅಂದರೆ 1080ಪಿ (ಫುಲ್ ಎಚ್‌ಡಿ) ಪ್ರೊಜೆಕ್ಟರ್ ಇರಬೇಕು, ಅಲ್ವಾ? ಸೆಕೆಂಡಿಗೆ 60 ಫ್ರೇಮ್‌ನ 1080ಪಿಗೆ ಕೇಬಲ್ ಹೊರಬೇಕಾದ್ದು 4.5 ಗಿಗಾಬಿಟ್‌ನಷ್ಟು. ಅದೇ 60 ಫ್ರೇಮ್ 4ಕೆ ಆದರೆ 17.8. ನಾಲ್ಕು ಪಟ್ಟು. ಚಿಕ್ಕಪ್ಪನವರ ಕೇಬಲ್‌ಗೆ 4ಕೆ ಪ್ರೊಜೆಕ್ಟರ್ ಹಾಕಿ ನೋಡಿ, ಪರದೆ ಮೇಲೆ ಬಿಳಿ ಚುಕ್ಕೆ ಮಿನುಗುತ್ತವೆ, ಇಲ್ಲವೇ ಐದು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿ ವಾಪಸ್ ಬರುತ್ತದೆ.

ತಾಮ್ರದಲ್ಲಿ ವೇಗ ಹೆಚ್ಚಿದಷ್ಟೂ ಸಿಗ್ನಲ್ ಬೇಗ ಸೊರಗುತ್ತದೆ. ಒಳಗೆ ಚಿಪ್ ಇಲ್ಲದ ಮಾಮೂಲಿ ತಾಮ್ರದ ಕೇಬಲ್ 18 ಗಿಗಾಬಿಟ್ಟನ್ನು 7-8 ಮೀಟರ್ ತನಕ ನಂಬಿಕೆಯಿಂದ ಒಯ್ಯುತ್ತದೆ, 48 ಗಿಗಾಬಿಟ್ಟನ್ನು 3ರಿಂದ 5 ಮೀಟರ್. ಅದರಾಚೆ ಚಿಪ್ ಇರುವ ತಾಮ್ರ ಅಥವಾ ಫೈಬರ್. ಚಿಪ್ ಇರುವ ತಾಮ್ರ 10 ಮೀಟರ್‌ಗೆ ಪರವಾಗಿಲ್ಲ. ಆದರೆ ಅದು ದಪ್ಪ, ಗಡುಸು. ಪ್ರೊಜೆಕ್ಟರ್ ಹಿಂದೆ ನೇತಾಡುತ್ತಾ ಪೋರ್ಟನ್ನು ಕೆಳಕ್ಕೆ ಜಗ್ಗುತ್ತಿರುತ್ತದೆ. ಫೈಬರ್ ಕೇಬಲ್ಲು 5 ಎಂಎಂ ಆಸುಪಾಸು, ಹಗುರ.

ಹೆಸರಿಗೆ ಫೈಬರ್ ಅಷ್ಟೇ, ಒಳಗೆ ತಾಮ್ರವೂ ಇದೆ. ಚಿತ್ರ ಮತ್ತು ಶಬ್ದ ಹೋಗುವುದು ನಾಲ್ಕು ಗಾಜಿನ ಎಳೆಗಳಲ್ಲಿ. ಪ್ಲೇಯರ್ ಕಡೆಯ ತಲೆಯಲ್ಲಿ ನಾಲ್ಕು ಪುಟ್ಟ ಲೇಸರ್, ಪ್ರೊಜೆಕ್ಟರ್ ಕಡೆಯ ತಲೆಯಲ್ಲಿ ಬೆಳಕನ್ನು ಹಿಡಿದು ಮತ್ತೆ ಸಿಗ್ನಲ್ ಮಾಡುವ ಡಯೋಡ್‌ಗಳು. ಎಚ್‌ಡಿಎಂಐ 2.1ರಲ್ಲಿ ಒಂದೊಂದು ಎಳೆ 12 ಗಿಗಾಬಿಟ್ ಹೊರುತ್ತದೆ, ನಾಲ್ಕು ಸೇರಿ 48. ಉಳಿದದ್ದೆಲ್ಲ ತೆಳು ತಾಮ್ರದ ತಂತಿಯಲ್ಲಿ: "ನಾನು ಇಂಥ ಪ್ರೊಜೆಕ್ಟರ್, ನನಗೆ ಇಷ್ಟು ರೆಸಲ್ಯೂಷನ್ ಆಗುತ್ತದೆ" ಅನ್ನುವ ಮಾಹಿತಿ, ಎಚ್‌ಡಿಸಿಪಿ ಕಳ್ಳನಕಲು ತಡೆಯ ಮಾತುಕತೆ, ರಿಮೋಟ್ ಆಜ್ಞೆ, 5 ವೋಲ್ಟ್ ಕರೆಂಟ್. ಅಗ್ಗದ ಫೈಬರ್ ಕೇಬಲ್‌ಗಳು ಕೈಕೊಡುವುದು ಹೆಚ್ಚಾಗಿ ಈ ತಾಮ್ರದ ಕಡೆ. ಗಾಜು ಚೆನ್ನಾಗೇ ಇರುತ್ತದೆ, ಆದರೂ ಚಿತ್ರ ಬರುವುದಿಲ್ಲ.

ಲಾಸ್ಟ್ ಬೆಂಚ್

ನಮ್ಮೂರಿನ ಒಂದು ಶೋರೂಮಿನಲ್ಲಿ ಫೈಬರ್ ಹಾಕಿದರೆ ಕಪ್ಪು ಇನ್ನೂ ಕಪ್ಪಾಗಿ ಕಾಣುತ್ತದೆ, ಬಣ್ಣ ಎದ್ದು ಬರುತ್ತದೆ ಅಂದರು. ಹೌದಾ?

ಕತ್ತಲೆ ಕೋಣೆ

ಇಲ್ಲ. ಹೋಗುವುದು ಸೊನ್ನೆ ಮತ್ತು ಒಂದು. ತಲುಪಿದರೆ ಪೂರ್ತಿ ಸರಿ, ಇಲ್ಲದಿದ್ದರೆ ಚುಕ್ಕೆ, ಗೆರೆ ಅಥವಾ ಕಪ್ಪು ಪರದೆ. "ಸ್ವಲ್ಪ ಮಂದವಾದ ಬಣ್ಣ" ಅಂತ ನಡುವಿನ ಸ್ಥಿತಿ ಇಲ್ಲ. ಕಪ್ಪು ಬೇಕಿದ್ದರೆ ಆ ದುಡ್ಡಲ್ಲಿ ಗೋಡೆಗೆ ಗಾಢ ಬಣ್ಣ ಹೊಡೆಸಿ.

ಪಡಸಾಲೆ ಟಾಕೀಸ್

ಟೆಸ್ಟರ್ ಸರ್, ತುಂಬಾ ಥ್ಯಾಂಕ್ಸ್. ಪ್ಲಾಸ್ಟರಿಂಗ್ ನಿಲ್ಲಿಸಿದ್ದೇನೆ, ಮೇಸ್ತ್ರಿ ಮುಖ ಊದಿಸಿಕೊಂಡಿದ್ದಾರೆ. ಎಷ್ಟು ಮೀಟರ್ ಬೇಕು ಅನ್ನುವುದನ್ನು ಹೇಗೆ ಲೆಕ್ಕ ಹಾಕುವುದು? 18ಆ, 48ಆ?

ಬಾಸ್ ಜಾಸ್ತಿ

ಟೆಸ್ಟರ್ ಅವರು ಮೇಡಂ ಕಣ್ರೀ.

ಟೆಸ್ಟರ್ ಸ್ಕ್ರೂಡ್ರೈವರ್

ಪರವಾಗಿಲ್ಲ, ಸೈಟಿನಲ್ಲಿ ದಿನಾ ಇದೇ.

ಅಳತೆಯನ್ನು ನೇರ ಗೆರೆಯಲ್ಲಿ ಹಾಕಬೇಡಿ, ಪೈಪ್ ಹೋಗುವ ದಾರಿಯಲ್ಲೇ ಹಾಕಿ. ನಿಮ್ಮ ರೂಮಿಗೆ ನನ್ನ ಅಂದಾಜು ಹೀಗೆ: ರ‍್ಯಾಕ್‌ನಿಂದ ಸೀಲಿಂಗ್‌ಗೆ 7 ಅಡಿ. ಮೂಲೆಯಿಂದ ರೂಮಿನ ನಡುಮಧ್ಯಕ್ಕೆ 7 ಅಡಿ. ಅಲ್ಲಿಂದ ಹಿಂದಕ್ಕೆ ಪ್ರೊಜೆಕ್ಟರ್ ತನಕ 17 ಅಡಿ. ಎರಡೂ ತುದಿಯಲ್ಲಿ ಮೂರು ಮೂರು ಅಡಿ ಸಡಿಲ. ಒಟ್ಟು 37 ಅಡಿ, ಅಂದರೆ 11 ಮೀಟರ್ ಚಿಲ್ಲರೆ. 12 ಮೀಟರ್‌ದು ಸಿಕ್ಕರೆ ಸಾಕು. ಆದರೆ ರ‍್ಯಾಕ್ ಜಾಗ ಬದಲಾಗುವ ಸಾಧ್ಯತೆ ಇದ್ದರೆ 15 ತಗೊಳ್ಳಿ. ಗಾಜಿನಲ್ಲಿ ಕಿಲೋಮೀಟರ್‌ಗೆ 3 ಡೆಸಿಬಲ್ ಆಸುಪಾಸು ನಷ್ಟ, ಮೂರು ಮೀಟರ್ ಹೆಚ್ಚಾದರೆ ಅದಕ್ಕೆ ಲೆಕ್ಕವೇ ಇಲ್ಲ. ಉಳಿದದ್ದನ್ನು ಊಟದ ತಟ್ಟೆಯಷ್ಟು ಅಗಲಕ್ಕೆ ಸುತ್ತಿ ರ‍್ಯಾಕ್ ಹಿಂದೆ ಇಡಿ. ಮಡಿಚಿ ಕೇಬಲ್ ಟೈ ಬಿಗಿಯಬೇಡಿ.

18 ಅಥವಾ 48 ಕೇಳಿದರೆ ನಾನು 48 ಅನ್ನುತ್ತೇನೆ. ಅಲ್ಟ್ರಾ ಹೈ ಸ್ಪೀಡ್ ಸರ್ಟಿಫಿಕೇಟ್ (48ಕ್ಕೆ ಪರೀಕ್ಷೆ ಆಗಿದೆ ಅನ್ನುವ ಗುರುತು) ಇರುವುದೇ ಬೇಕು. 18ರಲ್ಲಿ ಕೆಲಸ ನಡೆದರೂ ಹೊರುವ ಶಕ್ತಿ ಮಿಗುತ್ತದಲ್ಲ, ಅದು ಒಳ್ಳೆಯದೇ.

ಕತ್ತಲೆ ಕೋಣೆ

ಇದನ್ನು ನಾನು ಒಪ್ಪುವುದಿಲ್ಲ ಮೇಡಂ. ಅವರ ಪ್ರೊಜೆಕ್ಟರ್ ಪೋರ್ಟು 18ಕ್ಕಿಂತ ಜಾಸ್ತಿ ಒಳಗೆ ಬಿಡುವುದೇ ಇಲ್ಲ. ಮಗನ ಪಿಎಸ್5 120 ಫ್ರೇಮ್‌ನ 4ಕೆ ಕೊಡಬಲ್ಲದು, ಅದರ ಮಿತಿ 32 ಗಿಗಾಬಿಟ್. ಆದರೆ ಈ ಪ್ರೊಜೆಕ್ಟರ್‌ನಲ್ಲಿ ಅದು 60ಕ್ಕೇ ನಿಲ್ಲುತ್ತದೆ, ಕೇಬಲ್ ಯಾವುದೇ ಇರಲಿ. ಇನ್ನು ಸಿನಿಮಾ ಓಡುವುದು 24 ಫ್ರೇಮ್‌ನಲ್ಲಿ. 4ಕೆ ಡಿಸ್ಕನ್ನು 12 ಬಿಟ್ ಪೂರ್ತಿ ಬಣ್ಣದಲ್ಲಿ ಕಳಿಸಿದರೂ 13.4 ಗಿಗಾಬಿಟ್ ಆಗುತ್ತದೆ. 40 ಎಂಎಂ ಪೈಪ್ ಹಾಕಿಸಿದ ಮೇಲೆ ಮುಂದಿನ ಪ್ರೊಜೆಕ್ಟರ್ ಬಂದಾಗ ಕೇಬಲ್ ಬದಲಿಸಿದರಾಯಿತು. ಪೈಪಿಗೂ ದುಡ್ಡು, ಮುಂದಿನ ಕಾಲಕ್ಕಂತ ಕೇಬಲ್ಲಿಗೂ ದುಡ್ಡು ಯಾಕೆ?

ಟೆಸ್ಟರ್ ಸ್ಕ್ರೂಡ್ರೈವರ್

ನಿಮ್ಮ ಲೆಕ್ಕ ಸರಿ. ನಾನು ನೋಡುವುದು ಸರ್ಟಿಫಿಕೇಟನ್ನು. ಬಾಕ್ಸ್ ಮೇಲೆ "ಎಚ್‌ಡಿಎಂಐ 2.1 ಕೇಬಲ್" ಅಂತ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನಿಯಮದ ಪ್ರಕಾರ ಕೇಬಲ್‌ಗೆ ವರ್ಶನ್ ನಂಬರ್ ಹಾಕುವಂತೆಯೇ ಇಲ್ಲ. ಅಸಲಿ ಗುರುತು ಅಂದರೆ ಕ್ಯೂಆರ್ ಕೋಡ್ ಇರುವ ಹೊಳೆಯುವ ಲೇಬಲ್. ಎಚ್‌ಡಿಎಂಐನವರ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ತಯಾರಕರ ಹೆಸರು, ಮಾಡೆಲ್, ಉದ್ದ ಬರುತ್ತದೆ. ಉದ್ದವನ್ನು ಮುಖ್ಯವಾಗಿ ನೋಡಿ. 5 ಮೀಟರ್‌ಗೆ ಸರ್ಟಿಫಿಕೇಟ್ ಪಡೆದು 15 ಮೀಟರ್ ಬಾಕ್ಸ್ ಮೇಲೂ ಅದೇ ಜಂಬ ಕೊಚ್ಚುವವರಿದ್ದಾರೆ.

18ರ ಪ್ರೀಮಿಯಂ ಹೈ ಸ್ಪೀಡ್ ಲೇಬಲ್ಲೂ ಇದೆ, ಅದು ಸಿಕ್ಕರೆ ಅದನ್ನೇ ತಗೊಳ್ಳಲಿ. ನನ್ನ ತಕರಾರು ಲೇಬಲ್ ಇಲ್ಲದ 18ರ ಬಗ್ಗೆ. ಎಪ್ಸನ್ ಎಲ್‌ಎಸ್12000, ಜೆವಿಸಿ ಎನ್‌ಝಡ್9ರಂಥ 120 ಫ್ರೇಮ್ ತಗೊಳ್ಳುವ ಪ್ರೊಜೆಕ್ಟರ್ ಇರುವವರಿಗೆ ಈ ಚರ್ಚೆಯೇ ಇಲ್ಲ, ಅವರು ಸೀದಾ 48ಕ್ಕೆ ಹೋಗಬೇಕು.

ಹಳೇ ಪ್ರೊಜೆಕ್ಟರ್

ಯಾರೂ ಕ್ಯಾಟ್6 ನೆಟ್‌ವರ್ಕ್ ವೈರಿನ ಮಾತೇ ಎತ್ತಲಿಲ್ಲವಲ್ಲ? ಎಚ್‌ಡಿಎಂಐ ಸಿಗ್ನಲ್ಲನ್ನು ಆ ವೈರಿಗೆ ಇಳಿಸುವ ಎಚ್‌ಡಿಬೇಸ್‌ಟಿ ಬಾಕ್ಸ್ ಎರಡು ತಂದರೆ ಅದರಲ್ಲೇ 100 ಮೀಟರ್ ತನಕ ಹೋಗುತ್ತದೆ. ತಲೆ ದಪ್ಪ, ಬೆಂಡ್ ಅನ್ನುವ ಗೋಳೇ ಇಲ್ಲ. ವೈರ್ ಎಳೆದ ಮೇಲೆ ತುದಿಗೆ ಪ್ಲಗ್ ಕ್ರಿಂಪ್ ಮಾಡಬಹುದು. ಇನ್ನೊಂದು ದಾರಿ ಇದೆ. ಸ್ಟ್ರೀಮಿಂಗ್ ಸ್ಟಿಕ್ಕನ್ನು ಪ್ರೊಜೆಕ್ಟರ್‌ಗೇ ಚುಚ್ಚಿಬಿಡಿ, ಉದ್ದದ ಕೇಬಲ್ಲೇ ಬೇಡ.

ಕತ್ತಲೆ ಕೋಣೆ

ಎಚ್‌ಡಿಬೇಸ್‌ಟಿ ಕಾಲೇಜು ಸಭಾಂಗಣಕ್ಕೆ, ಆಫೀಸಿಗೆ, ಮಹಡಿಯಿಂದ ಮಹಡಿಗೆ ಒಳ್ಳೆಯದು. 12 ಮೀಟರ್‌ಗೆ ಅಷ್ಟು ಸಾಮಾನು ಯಾಕೆ? ಹಳೇ ಪೀಳಿಗೆಯ ಬಾಕ್ಸ್‌ಗಳ ಮಿತಿ 10.2 ಗಿಗಾಬಿಟ್, 4ಕೆ 60ಕ್ಕೆ ಬಣ್ಣದ ವಿವರ ಕಡಿಮೆ ಮಾಡಬೇಕು ಇಲ್ಲವೇ ಕಂಪ್ರೆಸ್ ಮಾಡಬೇಕು. 18ನ್ನು ಹಾಗೆಯೇ ಒಯ್ಯುವುದು ಎಚ್‌ಡಿಬೇಸ್‌ಟಿ 3.0. ಅದರಲ್ಲೂ ಎರಡು ಬಾಕ್ಸ್, ಅಡಾಪ್ಟರ್, ಕೆಟ್ಟರೆ ಯಾವ ಬಾಕ್ಸ್ ಕೆಟ್ಟಿತು ಅನ್ನುವ ತಲೆನೋವು.

ಸ್ಟಿಕ್ಕನ್ನು ಪ್ರೊಜೆಕ್ಟರ್‌ಗೆ ಚುಚ್ಚಿದರೆ ಶಬ್ದ ವಾಪಸ್ ರಿಸೀವರ್‌ಗೆ ಬರಬೇಕಲ್ಲ, ಅದಕ್ಕೂ ಒಂದು ಕೇಬಲ್ ಎಳೆಯಲೇಬೇಕು. ಬ್ಲೂರೇ ಪ್ಲೇಯರನ್ನೇನು ಸೀಲಿಂಗ್‌ಗೆ ನೇತು ಹಾಕುತ್ತೀರಾ?

ಆದರೆ ಪೈಪಿನಲ್ಲಿ ಒಂದು ಕ್ಯಾಟ್6 ಕೂಡ ಎಳೆದಿಡಿ. ಪ್ರೊಜೆಕ್ಟರ್‌ಗೆ ನೆಟ್‌ವರ್ಕ್ ಸಿಗುತ್ತದೆ, ಕಷ್ಟಕಾಲಕ್ಕೂ ಆಗುತ್ತದೆ.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿಯ ಕಥೆ ಬೇರೆ. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳು, ಪೈಪ್ ಇಲ್ಲದೆ ಕೇಬಲ್ಲನ್ನು ಟೊಳ್ಳಿನಲ್ಲಿ ಇಳಿಬಿಡುತ್ತಾರೆ. ಅದಕ್ಕೇ ಗೋಡೆಯೊಳಗೆ ಹಾಕುವ ಕೇಬಲ್‌ಗೆ ಸಿಎಲ್2 ಅಥವಾ ಸಿಎಲ್3 ಅಂತ ಬೆಂಕಿ ಹರಡದ ಹೊದಿಕೆಯ ಗುರುತು ಬೇಕು. ಎಸಿ ಗಾಳಿ ಓಡುವ ಜಾಗದಲ್ಲಾದರೆ ಇನ್ನೂ ಮೇಲಿನ ದರ್ಜೆಯ ಪ್ಲೀನಮ್ ಕೇಬಲ್. ಊರಲ್ಲಿ ಇಟ್ಟಿಗೆ ಗೋಡೆ, ಪೈಪ್ ಇದ್ದರೆ ಇದು ಅಷ್ಟು ತಲೆಕೆಡಿಸುವ ವಿಷಯವಲ್ಲ. ಇಲ್ಲಿಂದ ತರಿಸುವವರು ಆ ಗುರುತಿಗಾಗಿ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಲಾಸ್ಟ್ ಬೆಂಚ್

ನನ್ನದು ಪ್ರೊಜೆಕ್ಟರ್ ಅಲ್ಲ, 77 ಇಂಚಿನ ಟಿವಿ. ರಿಸೀವರ್ ಹಿಂದಿನ ಬೀರುವಿನಲ್ಲಿ, 10 ಮೀಟರ್ ದೂರ. ಸಿನಿಮಾ ಎಲ್ಲ ಟಿವಿಯ ಆ್ಯಪ್‌ನಲ್ಲೇ ನೋಡುವುದು, ಶಬ್ದ ಟಿವಿಯಿಂದ ರಿಸೀವರ್‌ಗೆ ಬರಬೇಕು. ಫೈಬರ್ ಒಂದೇ ದಿಕ್ಕಿಗೆ ಅನ್ನುತ್ತಾರೆ. ಹಾಗಾದರೆ ತಿರುಗಿಸಿ ಹಾಕಬೇಕಾ?

ಟೆಸ್ಟರ್ ಸ್ಕ್ರೂಡ್ರೈವರ್

ತಿರುಗಿಸಬೇಡಿ. "ಸೋರ್ಸ್" ಅಂತ ಬರೆದಿರುವ ತಲೆ ರಿಸೀವರ್‌ಗೆ, "ಡಿಸ್‌ಪ್ಲೇ" ಅಂತ ಬರೆದಿರುವುದು ಟಿವಿಗೆ. ಶಬ್ದ ವಾಪಸ್ ಬರುವ ಇಎಆರ್‌ಸಿ ಆ ತಾಮ್ರದ ತಂತಿಗಳಲ್ಲಿ ಬರುತ್ತದೆ, ಗಾಜಿನಲ್ಲಲ್ಲ. ಹಾಗಾಗಿ ಲೇಸರ್ ದಿಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಎಲ್ಲ ಫೈಬರ್ ಕೇಬಲ್ಲೂ ಇಎಆರ್‌ಸಿ ಬಿಡುವುದಿಲ್ಲ. ಬಾಕ್ಸ್ ಮೇಲೆ ಬರೆದಿರಲೇಬೇಕು. ಬರೀ ಎಆರ್‌ಸಿ (ಅದರ ಹಳೆಯ ರೂಪ) ಅಂತಿದ್ದರೆ ಸಾಲದು.

ಪಡಸಾಲೆಯವರೇ, ನಿಮಗೆ ಇದು ಬೇಕಿಲ್ಲ. ನಿಮ್ಮ ಎಲ್ಲ ಪ್ಲೇಯರ್‌ಗಳೂ ರಿಸೀವರ್ ಮೂಲಕವೇ ಹೋಗುತ್ತವೆ. ಆದರೆ ದಿಕ್ಕು ನಿಮಗೂ ಮುಖ್ಯ. ಎಳೆಯುವ ಮೊದಲೇ ಪ್ರೊಜೆಕ್ಟರ್ ತುದಿಗೆ ಕೆಂಪು ಟೇಪ್ ಸುತ್ತಿ, ಹುಡುಗರಿಗೆ ತೋರಿಸಿ. "ಎರಡು ಕಡೆನೂ ಒಂದೇ ಥರ ಇದೆಯಲ್ಲಾ ಮೇಡಂ" ಅಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಲೆಯನ್ನು ಹಿಡಿದು ಎಳೆಯಕೂಡದು. ಹಗ್ಗವನ್ನು ತಲೆಯ ಹಿಂದೆ ಒಂದಡಿ ಬಿಟ್ಟು ಕೇಬಲ್ಲಿನ ಮೈಗೆ ಉದ್ದಕ್ಕೂ ಟೇಪ್ ಸುತ್ತಿ ಕಟ್ಟಿ, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿ. ಒಬ್ಬರು ಈ ಕಡೆಯಿಂದ ತಳ್ಳಬೇಕು, ಇನ್ನೊಬ್ಬರು ಆ ಕಡೆಯಿಂದ ನಿಧಾನ ಎಳೆಯಬೇಕು. ಪೈಪ್ ಆಗಲೇ ಸಣ್ಣದು ಹಾಕಿಸಿ ಪ್ಲಾಸ್ಟರ್ ಮುಗಿಸಿದವರಿಗೆ ತಲೆ ಬಿಚ್ಚಿ ಹಾಕುವ ಕೇಬಲ್‌ಗಳು ಬರುತ್ತವೆ: ಪೈಪಿನಲ್ಲಿ ಹೋಗುವುದು ಮೈಕ್ರೋ ಪ್ಲಗ್, ಹೊರಬಂದ ಮೇಲೆ ದೊಡ್ಡ ತಲೆ ಸಿಕ್ಕಿಸುವುದು.

ಪಡಸಾಲೆ ಟಾಕೀಸ್

40 ಎಂಎಂ ಪೈಪ್ ಬಂತು. ಎಲೆಕ್ಟ್ರಿಷಿಯನ್ "ಇದರಲ್ಲಿ ನೀರು ಬಿಡ್ತೀರಾ ಸಾರ್" ಅಂತ ಕೇಳಿದರು.

ಎರಡು ಸಂಶಯ. ಫೈಬರ್ ಕೇಬಲ್‌ಗೆ ಬೇರೆ ಕರೆಂಟ್ ಬೇಕಾ? ಮತ್ತೆ ನಮ್ಮ ಕಡೆ ಮಳೆಗಾಲದ ಸಿಡಿಲು ನಿಮಗೆ ಗೊತ್ತೇ ಇದೆ. ಗಾಜು ಅಂದ ಮೇಲೆ ಸಿಡಿಲಿನ ಭಯ ಇಲ್ಲ ಅಲ್ವಾ?

ಕತ್ತಲೆ ಕೋಣೆ

ಕರೆಂಟ್: ಎಚ್‌ಡಿಎಂಐ ಪೋರ್ಟಿನಲ್ಲೇ 5 ವೋಲ್ಟ್ ಇರುತ್ತದೆ. ನಿಯಮದ ಪ್ರಕಾರ ಪ್ಲೇಯರ್ ಕನಿಷ್ಠ 55 ಮಿಲಿಆಂಪಿಯರ್ ಕೊಡಬೇಕು. ಲೇಸರ್‌ಗಳು ಅದರಲ್ಲೇ ಬದುಕಬೇಕು. ರಿಸೀವರ್‌ಗಳು ಸಾಮಾನ್ಯವಾಗಿ ಧಾರಾಳವಾಗಿ ಕೊಡುತ್ತವೆ, ಕೆಲವು ಲ್ಯಾಪ್‌ಟಾಪ್ ಮತ್ತು ಸೆಟ್‌ಟಾಪ್ ಬಾಕ್ಸ್‌ಗಳು ಜಿಪುಣ. ಒಂದು ಪ್ಲೇಯರ್‌ನಲ್ಲಿ ಚಿತ್ರ ಬಂದು ಇನ್ನೊಂದರಲ್ಲಿ ಬರದಿದ್ದರೆ ಮೊದಲ ಅನುಮಾನ ಇದರ ಮೇಲೆ. ಹಾಗಾಗಿ ತಲೆಯ ಪಕ್ಕ ಯುಎಸ್‌ಬಿ ಬಾಲ ಇರುವ ಕೇಬಲ್ ನೋಡಿ, ಬೇಕಾದರೆ ಫೋನ್ ಚಾರ್ಜರ್‌ಗೆ ಸಿಕ್ಕಿಸಬಹುದು. 2022ರಲ್ಲಿ ಎಚ್‌ಡಿಎಂಐ ಕೇಬಲ್ ಪವರ್ ಅಂತ 300 ಮಿಲಿಆಂಪಿಯರ್ ತನಕ ಕೊಡುವ ವ್ಯವಸ್ಥೆ ತಂದರು. ಅದಕ್ಕೆ ಪೋರ್ಟೂ ಕೇಬಲ್ಲೂ ಎರಡೂ ಹೊಂದಬೇಕು.

ಸಿಡಿಲು: ಇಲ್ಲೇ ಎಲ್ಲರೂ ಮೋಸ ಹೋಗುವುದು. ಆಗಲೇ ಹೇಳಿದ ತಾಮ್ರದ ತಂತಿಗಳು ರಿಸೀವರ್‌ಗೂ ಪ್ರೊಜೆಕ್ಟರ್‌ಗೂ ಸಂಪರ್ಕ ಇಟ್ಟೇ ಇರುತ್ತವೆ. ತಾಮ್ರವೇ ಇಲ್ಲದ ಪೂರ್ತಿ ಗಾಜಿನ ಕೇಬಲ್‌ಗಳಿವೆ, ಎರಡೂ ತುದಿಗೆ ಬೇರೆ ಕರೆಂಟ್ ಕೊಡಬೇಕು, ಅಂಗಡಿಯಲ್ಲಿ ಸಿಗುವುದು ಅಪರೂಪ. ನಿಮಗೆ ಬೇಕಾದ್ದು ಒಳ್ಳೆಯ ಅರ್ತಿಂಗ್, ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್. ಪ್ರೊಜೆಕ್ಟರ್‌ಗೂ ರ‍್ಯಾಕ್‌ಗೂ ಒಂದೇ ಸರ್ಕ್ಯೂಟ್, ಒಂದೇ ಅರ್ತ್ ಇರಲಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಕೇಬಲ್ ಟಿವಿ ಅಥವಾ ಡಿಶ್ ವೈರನ್ನೂ ಕಿತ್ತಿಡಿ, ಸಿಡಿಲು ಆ ದಾರಿಯಲ್ಲೂ ಒಳಗೆ ಬರುತ್ತದೆ.

ಟೆಸ್ಟರ್ ಸ್ಕ್ರೂಡ್ರೈವರ್

ಕೇಬಲ್ ಬಂದ ದಿನವೇ ಪೈಪಿಗೆ ಹಾಕಬೇಡಿ. ಹಾಲ್‌ನ ನೆಲದ ಮೇಲೆ ಬಿಡಿಸಿ, ರಿಸೀವರ್‌ನಿಂದ ಪ್ರೊಜೆಕ್ಟರ್‌ಗೆ ಕೊಟ್ಟು ಪೂರ್ತಿ ಭಾರ ಹೊರಿಸಿ. ಕಂಪ್ಯೂಟರ್ ಇದ್ದರೆ 4ಕೆ, 60 ಹರ್ಟ್ಸ್, ಆರ್‌ಜಿಬಿ, 8 ಬಿಟ್ ಇಡಿ, ಅದು 18ರ ಮಿತಿಗೆ ತಾಗಿಯೇ ಹೋಗುತ್ತದೆ. ಯೂಟ್ಯೂಬ್ ವಿಡಿಯೋ ಒಂದು ಓಡಿತು ಅಂದಮಾತ್ರಕ್ಕೆ ಪಾಸಾಗಲಿಲ್ಲ, ಪ್ರೊಜೆಕ್ಟರ್‌ನ ಇನ್ಫೋ ಪುಟದಲ್ಲಿ ಏನು ಬರುತ್ತಿದೆ ನೋಡಿ. ಆ್ಯಪಲ್ ಟಿವಿ 4ಕೆ ಇದ್ದವರಿಗೆ ಸೆಟ್ಟಿಂಗ್ಸ್‌ನಲ್ಲೇ ಎಚ್‌ಡಿಎಂಐ ಪರೀಕ್ಷೆ ಇದೆ. ಒಂದು ಇಡೀ ಸಿನಿಮಾ ಓಡಿಸಿ. ನಡುನಡುವೆ ಎರಡೂ ತಲೆಗಳನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ಚುಕ್ಕೆ ಬಂದರೆ ಅಂದೇ ವಾಪಸ್ ಕಳಿಸಿ. ಪೈಪಿಗೆ ಎಳೆದು ಗೀರು ಬಿದ್ದ ಕೇಬಲ್ಲನ್ನು ಅಂಗಡಿಯವರು ತಗೊಳ್ಳುವುದಿಲ್ಲ.

ಅಳವಡಿಸಿದ ಮೇಲೆ ಪ್ರೊಜೆಕ್ಟರ್‌ನ ಬಿಸಿಗಾಳಿ ಬರುವ ಕಡೆ ತಲೆ ಸಿಗದ ಹಾಗೆ ನೋಡಿಕೊಳ್ಳಿ. ಆ ಚಿಪ್‌ಗಳು ಬಿಸಿ ತಡೆಯುವುದಿಲ್ಲ.

ಪಡಸಾಲೆ ಟಾಕೀಸ್

ಸರಿ, ತೀರ್ಮಾನ ಮಾಡಿದೆ. 40 ಎಂಎಂ ಪೈಪ್, 15 ಮೀಟರ್ ಫೈಬರ್, ಲೇಬಲ್ ಸ್ಕ್ಯಾನ್ ಆಗುವುದು, ಯುಎಸ್‌ಬಿ ಬಾಲ ಇರುವುದು. 18ರಲ್ಲಿ ಲೇಬಲ್ ಇರುವುದು ಇಲ್ಲಿ ಸಿಗಲಿಲ್ಲ, ಹಾಗಾಗಿ 48. ಕತ್ತಲೆ ಕೋಣೆಯವರು ಬೇಜಾರು ಮಾಡಿಕೊಳ್ಳಬಾರದು.

ಕತ್ತಲೆ ಕೋಣೆ

ಪೈಪ್ ಹಾಕಿಸಿದ್ದೀರಲ್ಲ, ಮಿಕ್ಕಿದ್ದಕ್ಕೆ ಬೇಜಾರಿಲ್ಲ.

ಟೆಸ್ಟರ್ ಸ್ಕ್ರೂಡ್ರೈವರ್

ಪ್ಲಾಸ್ಟರ್ ಶುರು ಮಾಡುವ ಮೊದಲು ಪೈಪಿನ ಎರಡೂ ಬಾಯಿಗೆ ಬಟ್ಟೆ ತುರುಕಿ ಟೇಪ್ ಸುತ್ತಿಸಿ. ಗಾರೆ ಒಳಗೆ ಬಿದ್ದು ಬೆಂಡ್‌ನಲ್ಲಿ ಗಟ್ಟಿಯಾದರೆ ಯಾವ ಎಂಎಂ ಇದ್ದೂ ಉಪಯೋಗವಿಲ್ಲ. ಗೋಡೆ ಮುಚ್ಚುವ ಮುಂಚೆ ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆದಿಡಿ.

ಬಾಸ್ ಜಾಸ್ತಿ

ಅದೇ ಪೈಪಿನಲ್ಲಿ ಸಬ್‌ವೂಫರ್ ವೈರೂ ಹೋಗುತ್ತಾ?

ಟೆಸ್ಟರ್ ಸ್ಕ್ರೂಡ್ರೈವರ್

ಸಬ್‌ವೂಫರ್‌ಗೆ ಹೋಗುವುದು ಸಣ್ಣ ಸಿಗ್ನಲ್ ವೈರು, ಜಾಗ ಇದ್ದರೆ ಹೋಗುತ್ತದೆ. ಆದರೆ ನಿಮ್ಮದು ಸೀಲಿಂಗ್‌ನಲ್ಲಿ ಇರುವುದಿಲ್ಲವಲ್ಲ, ನೆಲದ ಮಟ್ಟಕ್ಕೆ ಬೇರೆ ಪೈಪ್ ಬೇಕು. ರೂಮಿನ ಅಳತೆ ಹಾಕಿ ಬೇರೆ ಥ್ರೆಡ್ ಶುರು ಮಾಡಿ, ನೋಡೋಣ.